ಖಾಲಿ ದೂಡಬಾರದ ಗಾಡಿ

೧೯೯೬ನೇ ಇಸವಿಯಲ್ಲಿ ನಾನು ಸಾಲಿ ಬಿಟ್ಟೆ. ದೀಪಾವಳಿ ಸೂಟಿ ಮುಗಿದು ಏಳನೆಯ ಇಯತ್ತೆಯ ನನ್ನ ಗೆಳೆಯರು ಪಾಟೀಚೀಲ ಹೊತ್ತು ಒಂದು ಕಡೆ ನಡೆದರೆ, ನಾನು ರಾಯಾಪುರದಲ್ಲಿದ್ದ ಸೋದರಮಾವನ ಕುಶನ್ ಅಂಗಡಿಯ ಕಡೆ ನಡೆದೆ. ಅದಕ್ಕಾಗಿ ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ ನಾನು. ಆಟೋ, ಟ್ರ್ಯಾಕ್ಟರ್, ಲಾರಿ, ಮೋಟಾರುಸೈಕಲ್ಲು, ಏನೇ ಬರಲಿ, ಸೀಟು ಹೊಲಿದು ಕೊಟ್ಟಿದ್ದೇನೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡಾಡುವವರಲ್ಲಿ ನನ್ನ ಹೊಲಿಗೆಯ ಮೇಲೆ ಒಮ್ಮೆಯೂ ಕೂರದವರು ಸಿಗುವುದು ಕಷ್ಟ. ಇದು ಜಂಬವಲ್ಲ, ಕೈ ಕಸುಬಿನವನ ಮಾತು.

ಆ ವರ್ಷವೇ ನಾನು ನೀಲವ್ವಾಯಿಯ ಎಡಗೈಯನ್ನು ಮೊದಲ ಸಲ ನೋಡಿದ್ದು.

ಅಂಗಡಿಯ ಹಿಂದೆ ಒಂದು ಚಾಳ ಇತ್ತು, ಈಗಲೂ ಇದೆ. ಸಾಲಾಗಿ ಖೋಲಿಗಳು, ನಡುವೆ ಒಂದು ಬೇವಿನ ಮರ, ರಸ್ತೆಗೆ ಬರಲು ಒಂದು ಸಣ್ಣ ಕಬ್ಬಿಣದ ಗೇಟು. ನೀಲವ್ವಾಯಿ ಅಲ್ಲಿ ಕಟ್ಟೆಯ ಮೇಲೆ ಕೂತು ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಎತ್ತರದ ಹೆಂಗಸು, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಎಷ್ಟು ಒಗೆದರೂ ಅಂಚು ಮಾಸದ ಇಳಕಲ್ಲ ಸೀರೆ. ರೊಟ್ಟಿ ಬಡಿಯುವಾಗ ಎರಡೂ ಕೈಗೆ ಕೆಲಸ. ರೊಟ್ಟಿ ಮುಗಿದ ಮೇಲೆ ಬಲಗೈ ಮಡಿಲಲ್ಲಿ ಮಲಗಿಬಿಡುತ್ತಿತ್ತು. ಎಡಗೈ ಮಾತ್ರ ತೂಗುತ್ತಲೇ ಇರುತ್ತಿತ್ತು. ಪಕ್ಕದ ಮನೆಯ ತೊಟ್ಟಿಲ ಹಗ್ಗ ಸಿಕ್ಕರೆ ಅದು, ಇಲ್ಲದಿದ್ದರೆ ಹಾಲು ತುಂಬಿದ ಕ್ಯಾನಿನ ಹಿಡಿಕೆ, ಅದೂ ಇಲ್ಲದಿದ್ದರೆ ಗೋಡೆಗೆ ಒರಗಿದ ಜೋಳದ ಚೀಲ. ಮಾತಾಡುತ್ತಿದ್ದರೂ, ಕಣ್ಣು ಮುಚ್ಚಿಕೊಂಡಿದ್ದರೂ ಆ ಕೈ ತನ್ನ ಪಾಡಿಗೆ ತಾನು ಹೋಗಿ ಬರುತ್ತಿತ್ತು. ಮಧ್ಯಾಹ್ನದ ಹೊತ್ತು ಮಾವ ಊಟಕ್ಕೆ ಹೋದಾಗ, ಹೊಲಿಗೆ ಮಶೀನಿನ ಮೇಲೆ ತಲೆ ಇಟ್ಟು ನಾನು ಆ ಕೈಯನ್ನೇ ನೋಡುತ್ತಿದ್ದೆ. ನೋಡುತ್ತ ನೋಡುತ್ತ ಅಂಗಡಿಯೇ ಮೆಲ್ಲಗೆ ತೂಗಿದಂತಾಗಿ ನಿದ್ದೆ ಬರುತ್ತಿತ್ತು.

ಖಾಲಿ ಇದ್ದದ್ದನ್ನು ಮಾತ್ರ ಆ ಕೈ ಮುಟ್ಟುತ್ತಿರಲಿಲ್ಲ. ಒಂದು ದಿನ ಚಾಳದ ಯಾರದೋ ತೊಟ್ಟಿಲು ಬೇವಿನ ಟೊಂಗೆಗೆ ನೇತಾಡುತ್ತಿತ್ತು, ಕೂಸು ಒಳಗೆ ಹಾಲು ಕುಡಿಯುತ್ತಿತ್ತು. ಹೋಗುತ್ತ ನಾನು ಅದಕ್ಕೊಂದು ತಟ್ಟು ಕೊಟ್ಟೆ. ನೀಲವ್ವಾಯಿ ಹಿಟ್ಟಿನ ಕೈಯಲ್ಲೇ ಎದ್ದು ಬಂದು ತೊಟ್ಟಿಲನ್ನು ಹಿಡಿದು ನಿಲ್ಲಿಸಿದಳು.

"ಖಾಲಿ ತೊಟ್ಟಿಲಾ ತೂಗಬಾರದೋ ಮಾಂತ್ಯಾ. ಒಳಗ ಯಾರೂ ಇಲ್ಲಂತ ಅದಕ ಗೊತ್ತಾಗಬಾರದು."

ಯಾಕೆ ಎಂದು ಕೇಳಿದೆ. ಯಾಕೆ ಅನ್ನುವುದು ಆಕೆಗೂ ಗೊತ್ತಿರಲಿಲ್ಲ. ಆಕೆಯ ಅವ್ವ ಹೇಳಿದ್ದಳು, ಅವ್ವನ ಅವ್ವ ಹೇಳಿದ್ದಳು, ಅಷ್ಟೇ. ನನ್ನನ್ನು ಕೂಡಿಸಿ ಬಿಸಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಎಣ್ಣೆ ಹಾಕಿ ಕೊಟ್ಟಳು. ಸಾಲಿ ಯಾಕೆ ಬಿಟ್ಟೆ ಎಂದು ಊರೆಲ್ಲ ಕೇಳುತ್ತಿದ್ದ ಕಾಲ ಅದು. ಆಕೆ ಕೇಳಲಿಲ್ಲ. ನಾನೇ ಹೇಳಲು ಹೋದಾಗ ತಡೆದು, ಮಂದಿಗೆ ಕುಂದ್ರಾಕ ಛಲೋ ಮಾಡಿ ಕೊಡೂದು ಸಣ್ಣ ಕೆಲಸ ಅಲ್ಲೋ ತಮ್ಮಾ, ನಿಂತಾವಗ ಗೊತ್ತು ಅದರ ಸುಖ ಅಂದಳು. ಆ ಮಾತಿನ ಮೇಲೆ ನಾನು ಇಷ್ಟು ವರ್ಷ ಬಾಳ್ವೆ ಮಾಡಿದ್ದೇನೆ ಅಂದರೂ ನಡೆಯುತ್ತದೆ.

ಮುಂದೆ ಮಾವ ಊರಿಗೆ ಹೋದರು, ಅಂಗಡಿ ನನ್ನದಾಯಿತು. ಶಿವಲೀಲಾ ನನ್ನ ಕೈ ಹಿಡಿದು ಬಂದಳು. ನಾವು ಅದೇ ಚಾಳದಲ್ಲಿ, ನೀಲವ್ವಾಯಿಯ ಎದುರಿನ ಖೋಲಿ ಹಿಡಿದೆವು.

ರಾಯಾಪುರದ ಸುತ್ತಮುತ್ತ ಯಾರ ಮನೆಯಲ್ಲಿ ತೊಟ್ಟಿಲು ಹಾಕಿದರೂ ನೀಲವ್ವಾಯಿಗೆ ಕರೆ ಬರುತ್ತಿತ್ತು. ಆಕೆಯ ಪದಗಳು ಕಲಿತ ಪದಗಳಲ್ಲ. ತೊಟ್ಟಿಲು ಎಲ್ಲಿ ತೂಗುತ್ತದೋ ಅಲ್ಲಿಯೇ ಹುಟ್ಟುತ್ತಿದ್ದವು. ನಮ್ಮ ಚಾಳದ ಕೂಸುಗಳಿಗೆ ಆಕೆ ಹಾಡುತ್ತಿದ್ದ ಒಂದು ನುಡಿ ನನಗೆ ಈಗಲೂ ನೆನಪಿದೆ:

ಜೋ ಜೋ ಕೂಸೇ, ರಾಯಾಪುರದ ರಸ್ತಾ ದೊಡ್ಡದು,
ಲಾರಿ ಬಂದರ ಬರಲಿ ಬಿಡು, ನಿನ್ನ ನಿದ್ದಿ ದೊಡ್ಡದು.

ನಮ್ಮ ಗಂಗಾ ಹುಟ್ಟಿದಾಗ ಅಳಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಸಣ್ಣ ದನಿ ಬಂತಂತೆ. ದವಾಖಾನೆಯ ಗಾಜಿನ ಪೆಟ್ಟಿಗೆಯಿಂದ ಅವಳನ್ನು ಮನೆಗೆ ತಂದಾಗ, ಇವಳ ಕೈಕಾಲು ಬಿಗಿಯಾಗಿಯೇ ಇರುತ್ತವೆ, ನಡೆಯುವುದು ಕಷ್ಟ ಎಂದು ಡಾಕ್ಟರು ತಿಳಿಸಿ ಹೇಳಿದ್ದರು. ತೊಟ್ಟಿಲ ಕಾರ್ಯವನ್ನು ಸಣ್ಣದಾಗಿ ಮುಗಿಸೋಣ ಎಂದು ಮನೆಯವರೆಲ್ಲ ಅಂದರು.

ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ಗುಂಡಕಲ್ಲನ್ನು ಹಾಕುತ್ತಾರೆ. ಒಳ್ಳಿನಲ್ಲಿ ಅರೆಯುವ ದುಂಡನೆಯ ಕಲ್ಲು. ಅದನ್ನು ತೊಳೆದು, ಅರಿಷಿಣ ಹಚ್ಚಿ, ಕೂಸಿಗೆ ಹಾಕುವ ಕುಂಚಿಗಿ ಟೊಪ್ಪಿಗೆ ತೊಡಿಸಿ, ತೊಟ್ಟಿಲ ಕೆಳಗೊಮ್ಮೆ ಮೇಲೊಮ್ಮೆ ಕೈಯಿಂದ ಕೈಗೆ ದಾಟಿಸಿ ಮಲಗಿಸುತ್ತಾರೆ. ಮೊದಲು ಕಲ್ಲು, ಆಮೇಲೆ ಕೂಸು. ಕಲ್ಲಿನ ಹಾಗೆ ಗಟ್ಟಿ ಇರಲಿ ಎಂದು. ಆ ದಿನ ನೀಲವ್ವಾಯಿ ತನ್ನ ಮನೆಯ ಗುಂಡಕಲ್ಲನ್ನೇ ತಂದಳು. ಕಲ್ಲಿಗೊಂದು ಪದ, ಕೂಸಿಗೊಂದು ಪದ, ಹಗ್ಗಕ್ಕೊಂದು ಪದ, ನಿಲ್ಲಿಸಲೇ ಇಲ್ಲ. ನನ್ನ ಅಕ್ಕ ಕಸ್ತೂರಿ ಬೇಸತ್ತು, ಈ ಕೂಸಿಗೆ ಯಾಕಬೇ ಇಷ್ಟು ಪದಾ ಎಂದಳು.

"ಪದಾ ತೊಟ್ಟಿಲಕ್ಕ ಹಾಡಾಕತ್ತೇನವ್ವಾ. ಯಾವ ಕೂಸು ಮಲಗೈತಿ ಅಂತ ತೊಟ್ಟಿಲಾ ಕೇಳೂದಿಲ್ಲ, ನೀ ಕೇಳ್ತಿ."

ಕಸ್ತೂರಿ ಅಕ್ಕ ಎದ್ದು ಚಹಾ ಮಾಡಲು ಹೋದಳು.

ಗಂಗಾ ಬೆಳೆದಳು. ಮಾತು ಬರಲಿಲ್ಲ, ಆದರೆ ಅವಳ ಕಣ್ಣಿಗೆ ಮಾತಿತ್ತು. ಹೌದು ಅನ್ನಬೇಕಾದರೆ ಮೇಲೆ ನೋಡುತ್ತಾಳೆ, ಬೇಡ ಅಂದರೆ ಕಣ್ಣು ಮುಚ್ಚುತ್ತಾಳೆ. ಇದನ್ನು ಮೊದಲು ಕಂಡುಹಿಡಿದದ್ದು ಶಿವಲೀಲಾ. ಮೊದಲು ಉಪಯೋಗಿಸಿದ್ದು ನೀಲವ್ವಾಯಿ. ರೊಟ್ಟಿ ಬಡಿಯುವಾಗ ಅವಳನ್ನು ಎದುರಿಗೆ ದಿಂಬು ಒತ್ತಿ ಕೂಡಿಸಿಕೊಂಡು, ದಪ್ಪ ಇರಲೇನು, ತೆಳ್ಳಗ ಬಡೀಲೇನು ಎಂದು ಒಂದೊಂದು ರೊಟ್ಟಿಗೂ ಕೇಳುತ್ತಿದ್ದಳು. ಖಾನಾವಳಿಯವರು ರೊಟ್ಟಿ ಒಂದೇ ಸಮ ಇಲ್ಲ ಎಂದು ತಕರಾರು ಮಾಡಿದರೆ, ಸಾಹುಕಾರ್ತಿ ಹೇಳಿದಂಗ ಬಡದೇನ್ರಿ, ನನ್ನ ಮ್ಯಾಲೆ ಯಾಕ ಸಿಟ್ಟು ಅನ್ನುತ್ತಿದ್ದಳು.

ವಾರಕ್ಕೆರಡು ಸಲ ವ್ಯಾಯಾಮಕ್ಕೆಂದು ಗಂಗಾಳನ್ನು ಸತ್ತೂರಿನ ದವಾಖಾನೆಗೆ ಕರೆದೊಯ್ಯಬೇಕು. ಸಣ್ಣವಳಿದ್ದಾಗ ಶಿವಲೀಲಾಳ ಬಗಲಲ್ಲಿ ಹೋದಳು, ಆಮೇಲೆ ನನ್ನ ಹೆಗಲ ಮೇಲೆ. ಅವಳಿಗೆ ಒಂಬತ್ತು ತುಂಬಿದಾಗ ಚನ್ನು ಹುಟ್ಟಿದ. ಶಿವಲೀಲಾಳ ಹೊಟ್ಟೆಯ ಮೇಲೆ ಹೊಲಿಗೆ ಬಿದ್ದಿತ್ತು, ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರು. ನಾನು ಅಂಗಡಿ ಮುಚ್ಚಿದ ದಿನ ಗಂಗಾ ದವಾಖಾನೆಗೆ ಹೋಗುತ್ತಿದ್ದಳು, ಅಂಗಡಿ ತೆರೆದ ದಿನ ಬಾಗಿಲಲ್ಲಿ ಕೂತು ಬೇವಿನ ಮರ ನೋಡುತ್ತಿದ್ದಳು. ಬರಬರುತ್ತ ಬೇವಿನ ಮರದ ದಿನಗಳೇ ಹೆಚ್ಚಾದವು.

ಆಗ ಕಸ್ತೂರಿ ಅಕ್ಕ ಬಂದು ದಾರಿ ತೋರಿಸಿದಳು. ಚನ್ನುಗೆ ಒಂದು ಬಾಬಾಗಾಡಿ ಕೊಳ್ಳಿರಿ, ಶಿವಲೀಲಾ ಅದನ್ನು ದೂಡಿಕೊಂಡು ಎಲ್ಲಿ ಬೇಕಾದರೂ ಹೋಗಿ ಬರುತ್ತಾಳೆ. ಗಂಗಾಳನ್ನು ನೀಲವ್ವಾಯಿಯ ಹತ್ತಿರ ಬಿಡಿರಿ, ಆಯಿಗೂ ಜೊತೆಯಾಗುತ್ತದೆ, ವ್ಯಾಯಾಮವನ್ನು ಮನೆಯಲ್ಲೂ ಮಾಡಿಸಬಹುದು. ಎಲ್ಲರಿಗೂ ಸರಿ ಅನಿಸಿತು. ನಾವೆಲ್ಲ ನೀಲವ್ವಾಯಿಯ ಕಡೆ ನೋಡಿದೆವು. ಆಕೆಯ ಎಡಗೈ ಚನ್ನುವಿನ ತೊಟ್ಟಿಲ ಹಗ್ಗದ ಮೇಲಿತ್ತು.

"ನಾ ಇಟ್ಕೊಳ್ಳೂದಿಲ್ಲ," ಅಂದಳು.

ಯಾರಿಗೂ ನಂಬಿಕೆ ಬರಲಿಲ್ಲ. ಗಂಗಾಳನ್ನು ಕಂಡರೆ ಜೀವ ಬಿಡುವ ಮುದುಕಿ. ಶಿವಲೀಲಾಳ ಮುಖ ಸಣ್ಣದಾಯಿತು. ಆಯಿಗೂ ವಯಸ್ಸಾಯಿತು, ಭಾರ ಅನಿಸಿರಬೇಕು ಎಂದು ಕಸ್ತೂರಿ ಅಕ್ಕ ಗುಣುಗುಟ್ಟಿದಳು. ನೀಲವ್ವಾಯಿ ನನ್ನ ಕಡೆ ತಿರುಗಿದಳು.

"ಇವತ್ತ ನಾ ಇಟ್ಕೊಂಡ್ರ ನಾಳೆ ನೀವು ಬಿಟ್ಟು ಹೋಗೂದು ರೂಢಿ ಆಗ್ತೈತಿ. ಮೊದಲ ದವಾಖಾನಿಗೆ ಬಿಟ್ಟು ಹೋಗ್ತೀರಿ, ಆಮ್ಯಾಗ ಮದುವಿಗೆ ಬಿಟ್ಟು ಹೋಗ್ತೀರಿ. ಕಡೀಕೆ ಬಿಟ್ಟು ಹೋಗೇವಿ ಅನ್ನೂದೂ ನೆನಪಿರೂದಿಲ್ಲ. ಹೋದ್ರ ಇಬ್ಬರೂ ಹೋಗಲಿ. ಇಲ್ಲಾಂದ್ರ ಇಬ್ಬರೂ ಇರಲಿ."

ಆಮೇಲೆ ಎದ್ದು ಒಳಗೆ ಹೋಗಿ ಹಿಟ್ಟು ನಾದತೊಡಗಿದಳು. ನನಗೆ ಸಿಟ್ಟು ಬಂದಿತ್ತು. ಕೆಲವು ದಿನ ಆಕೆಯನ್ನು ಮಾತಾಡಿಸಲಿಲ್ಲ. ಆದರೆ ಸೀಟು ಹೊಲಿಯುವಾಗಲೆಲ್ಲ ಅದೇ ಮಾತು ಸೂಜಿಯ ಹಾಗೆ ಹೋಗಿ ಬಂದು ಮಾಡುತ್ತಿತ್ತು.

ಇಬ್ಬರನ್ನೂ ಕೂಡಿಸುವ ಗಾಡಿ ಹುಡುಕಲು ಹೊರಟೆ. ಹುಬ್ಬಳ್ಳಿಯ ದೊಡ್ಡ ಮಕ್ಕಳ ಅಂಗಡಿಯಲ್ಲಿ ಅವಳಿ ಕೂಸಿನ ಗಾಡಿ ಇತ್ತು, ಅಕ್ಕಪಕ್ಕ ಎರಡು ಸೀಟು, ಮೇಲೆ ಹೂವಿನ ಚಿತ್ತಾರದ ಕೊಡೆ. ಗಂಗಾಳನ್ನು ಅದರಲ್ಲಿ ಕೂಡಿಸಿದರೆ ಮೊಣಕಾಲು ಗದ್ದಕ್ಕೆ ಬರುತ್ತಿತ್ತು, ಪಾದ ನೆಲಕ್ಕೆ ಉಜ್ಜುತ್ತಿತ್ತು. ಅದು ಇಬ್ಬರು ಚನ್ನುಗಳಿಗೆ ಮಾಡಿದ ಗಾಡಿ. ಗಾಲಿಕುರ್ಚಿಯಲ್ಲಿ ಗಂಗಾಳನ್ನು ಕೂಡಿಸಿ, ಚನ್ನುವನ್ನು ಎದೆಗೆ ಕಟ್ಟಿಕೊಳ್ಳಲಿ ಎಂದು ಒಬ್ಬರು ಹೇಳಿದರು. ಶಿವಲೀಲಾಳ ಹೊಲಿಗೆಯ ಮೇಲೆ ಕೂಸನ್ನು ಕಟ್ಟಲು ನನಗೆ ಮನಸ್ಸಾಗಲಿಲ್ಲ. ಮತ್ತೊಬ್ಬರು ಒಂದು ಸಮಾರಂಭದ ಸುದ್ದಿ ತಂದರು: ಪುಕ್ಕಟೆ ಕುರ್ಚಿ ಕೊಡುತ್ತಾರೆ, ವೇದಿಕೆಯ ಮೇಲೆ ಹೋಗಿ ಫೋಟೋ ತೆಗೆಸಿಕೊಳ್ಳಬೇಕು ಅಷ್ಟೇ. ನನ್ನ ಮಗಳ ಕುರ್ಚಿಗೆ ಇನ್ನೊಬ್ಬರು ಮಾಲೆ ಹಾಕಿಸಿಕೊಳ್ಳುವುದು ಬೇಡ ಎಂದು ನಾನು ಕಟ್ಟೆಯ ಮೇಲೆ ನಿಂತು ಜೋರಾಗಿಯೇ ಹೇಳಿದೆ. ನೀಲವ್ವಾಯಿಗೆ ಕೇಳಲಿ ಎಂದೇ ಹೇಳಿದೆ. ಎದುರಿನ ಖೋಲಿಯಿಂದ ಉತ್ತರ ಬಂತು.

"ನಿನ್ನ ಹಮ್ಮು ನೀ ದೂಡ್ಕೋ ಮಾಂತ್ಯಾ, ಅದಕ ಗಾಲಿ ಬೇಕಾಗಿಲ್ಲ. ಹುಡಿಗೀಗೆ ಗಾಲಿ ಯಾವಾಗ ತರ್ತಿ ಹೇಳು."

ಅಲ್ಲಿಗೆ ನಮ್ಮ ಮಾತು ಬಿಟ್ಟಿದ್ದು ಮುಗಿಯಿತು.

ಧಾರವಾಡದ ಕಡೆ ಒಂದು ಅಂಗಡಿಯಲ್ಲಿ ಇಂಥ ಮಕ್ಕಳಿಗೆಂದೇ ಮಾಡಿದ ದೊಡ್ಡ ಗಾಡಿಗಳಿವೆ, ಕೆಲವಕ್ಕೆ ಇನ್ನೊಂದು ಸೀಟು ಜೋಡಿಸಬಹುದು ಎಂದು ವ್ಯಾಯಾಮ ಮಾಡಿಸುವ ಮೇಡಂ ಅವರೇ ತಿಳಿಸಿದರು. ನಾವೆಲ್ಲ ಹೊರಟೆವು. ಗಂಗಾ ನನ್ನ ತೊಡೆಯ ಮೇಲೆ, ಚನ್ನು ಶಿವಲೀಲಾಳ ಮಡಿಲಲ್ಲಿ, ನೀಲವ್ವಾಯಿ ನಮ್ಮ ನಡುವೆ. ಆಟೋ ಹತ್ತುವಾಗ ಆಕೆಯ ಕೈಚೀಲವನ್ನು ಇಸಿದುಕೊಂಡೆ, ತೋಳು ಕಿತ್ತು ಬರುವಷ್ಟು ಭಾರ. ಬುತ್ತಿ ಇಷ್ಟೊಂದು ಯಾಕೆ ಎಂದರೆ, ಬುತ್ತಿ ಅಲ್ಲ, ಸುಮ್ಮನ ಹಿಡಿ ಅಂದಳು.

ಅಂಗಡಿಯ ತುಂಬ ಊರುಗೋಲು, ಕಮೋಡು ಕುರ್ಚಿ, ಗಾಲಿಕುರ್ಚಿ. ಒಬ್ಬ ಹುಡುಗಿ ಸಾವಕಾಶವಾಗಿ ಎಲ್ಲ ತೋರಿಸಿದಳು. ಮೊದಲಿನದು ಗಟ್ಟಿ ಗಾಡಿ. ಮುಂದೆ ಗಂಗಾಳಿಗೆ ದೊಡ್ಡ ಸೀಟು, ಹಿಂದೆ ಹಿಡಿಕೆಯ ಹತ್ತಿರ ಎತ್ತರದಲ್ಲಿ ಚನ್ನುಗೆ ಸಣ್ಣ ಸೀಟು. ನನಗೆ ನೋಡಿದ ಕೂಡಲೇ ಮನಸ್ಸಿಗೆ ಬಂತು, ಹೊಲಿಗೆ ಛಲೋ ಇತ್ತು. ದೂಡಿ ನೋಡೋಣ ಎಂದು ಹಿಡಿಕೆಗೆ ಕೈ ಹಾಕಿದೆ. ನೀಲವ್ವಾಯಿ ತಡಿ ಅಂದಳು. ಚೀಲದಿಂದ ಎರಡು ಗುಂಡಕಲ್ಲು ತೆಗೆದಳು, ಒಂದು ಒಳ್ಳಿನ ದೊಡ್ಡದು, ಒಂದು ಖಾರ ಅರೆಯುವ ಸಣ್ಣದು. ಎರಡಕ್ಕೂ ಅರಿಷಿಣ ಹಚ್ಚಿ ತಂದಿದ್ದಳು. ಅಂಗಡಿಯ ಹುಡುಗಿ ಇದೇನ್ರಿ ಅಜ್ಜೀ ಅಂದಳು.

"ಕೂಸು ಕೂಡೂ ಗಾಡಿ ಅಲ್ಲೇನವ್ವಾ ಇದು? ಖಾಲಿ ದೂಡಬಾರದು. ಮೊದಲ ಕಲ್ಲು, ಆಮ್ಯಾಗ ಕೂಸು."

ಹಿಂದಿನ ಸಣ್ಣ ಸೀಟಿನಲ್ಲಿ ಸಣ್ಣ ಕಲ್ಲನ್ನು ಮಲಗಿಸಿದಳು. ದೊಡ್ಡದನ್ನು ಎತ್ತಿಕೊಳ್ಳಲು ನಾನು ಬಗ್ಗುವುದರೊಳಗೆ ಆಕೆಯ ಎಡಗೈ ತನ್ನ ರೂಢಿಯಂತೆ ಹಿಡಿಕೆಗೆ ಹೋಗಿ ಒಮ್ಮೆ ಮೆಲ್ಲಗೆ ತೂಗಿತು. ಮುಂದಿನ ಗಾಲಿ ಮೇಲೆದ್ದವು, ಇಡೀ ಗಾಡಿ ಹಿಂದಕ್ಕೆ ಮಗುಚಿತು. ಕಲ್ಲು ದಡಕ್ಕನೆ ಬಿದ್ದು ಉರುಳುತ್ತ ಉರುಳುತ್ತ ಕಮೋಡು ಕುರ್ಚಿಗಳ ಸಾಲಿನ ಕೆಳಗೆ ಹೋಗಿ ನಿಂತಿತು. ಗಂಗಾ ನಕ್ಕಳು, ಅಂಗಡಿಯ ಆಚೆಯವರಿಗೂ ಕೇಳುವ ಹಾಗೆ.

ನಾನು ಹೊಟ್ಟೆಯ ಮೇಲೆ ಮಲಗಿ ಕಲ್ಲು ತೆಗೆಯುವಾಗ ನನಗೆ ಬೇರೆಯೇ ಒಂದು ಚಿತ್ರ ಕಂಡಿತು. ದವಾಖಾನೆಯ ಬಾಗಿಲಲ್ಲಿ ನಾವು ಗಂಗಾಳನ್ನು ಮೊದಲು ಇಳಿಸಿಕೊಳ್ಳುತ್ತೇವೆ, ಮುಂದಿನ ಭಾರ ಹೋಗುತ್ತದೆ, ಹಿಂದೆ ಚನ್ನು ಇದ್ದಾನೆ. ಹುಡುಗಿಯೂ ಅದನ್ನೇ ನೆನೆಸಿರಬೇಕು. ದೊಡ್ಡ ಕೂಸನ್ನು ಯಾವಾಗಲೂ ಕಡೆಗೆ ಇಳಿಸಬೇಕು ಅಂತ ಹೇಳಬೇಕಿತ್ರಿ, ಮರೆತೆ ಎಂದು ಮೆಲ್ಲಗೆ ಅಂದಳು. ಶಿವಲೀಲಾ ಆ ಗಾಡಿಯ ಕಡೆ ಮತ್ತೆ ನೋಡಲಿಲ್ಲ.

ಎರಡನೆಯದು ಅಕ್ಕಪಕ್ಕದ ಗಾಡಿ. ಕಲ್ಲು ಬೀಳಲಿಲ್ಲ, ಆದರೆ ದೊಡ್ಡ ಕಲ್ಲಿನ ಕಡೆಗೇ ಎಳೆಯುತ್ತಿತ್ತು, ಎತ್ತು ಒಂದೇ ಹೂಡಿದ ಬಂಡಿಯ ಹಾಗೆ. ನನ್ನ ಟೇಪು ಹಿಡಿದು ನೋಡಿದೆ, ನಮ್ಮ ಚಾಳದ ಗೇಟಿನಲ್ಲಿ ಹಾಯುವ ಹಾಗಿರಲಿಲ್ಲ. ಮೂರನೆಯದು ಮೂಲೆಯಲ್ಲಿ ಚಾದರ ಹೊದ್ದು ನಿಂತಿತ್ತು. ಯಾರೋ ಪುಣೆಯಿಂದ ತರಿಸಲು ಹೇಳಿ ಒಯ್ಯದೇ ಬಿಟ್ಟದ್ದು. ಉದ್ದನೆಯ ಗಾಡಿ. ನಡುವೆ, ಮುಂದಿನ ಹಿಂದಿನ ಗಾಲಿಗಳ ಮಧ್ಯಕ್ಕೆ ಸರಿಯಾಗಿ ದೊಡ್ಡ ಸೀಟು, ಮುಂದೆ ತಗ್ಗಿನಲ್ಲಿ ಸಣ್ಣದು. ಎರಡೂ ಕಲ್ಲು ಹಾಕಿ ದೂಡಿದರೆ ನೀರಿನ ಮೇಲೆ ಹೋದಂತೆ ಹೋಯಿತು. ಸಣ್ಣ ಕಲ್ಲು ತೆಗೆದರೂ ನಿಂತಿತು, ದೊಡ್ಡದು ತೆಗೆದರೂ ನಿಂತಿತು.

ಆಮೇಲೆ ಕಲ್ಲಿನ ಜಾಗದಲ್ಲಿ ಕೂಸುಗಳು ಕೂತವು. ಸಣ್ಣ ಸೀಟನ್ನು ಮುಂದಕ್ಕೆ ಮುಖ ಮಾಡಿಯೂ ಇಡಬಹುದು, ಹಿಂದಕ್ಕೂ ತಿರುಗಿಸಬಹುದು, ಎಲ್ಲರೂ ಮುಂದಕ್ಕೇ ಇಡುತ್ತಾರೆ, ಕೂಸು ಜಗತ್ತು ನೋಡಲಿ ಎಂದು, ಅಂದಳು ಹುಡುಗಿ. ನಾನು ತಲೆಯಾಡಿಸಿದೆ. ನೀಲವ್ವಾಯಿ ಬಗ್ಗಿ ಗಂಗಾಳ ಮುಖದ ಹತ್ತಿರ ಮುಖ ತಂದಳು. ಅಷ್ಟು ಅಂಗಡಿ ಸುತ್ತಿದರೂ ಅಲ್ಲಿಯವರೆಗೆ ಗಂಗಾಳನ್ನು ಯಾರೂ ಕೇಳಿರಲಿಲ್ಲ.

"ಸಾಹುಕಾರ್ತೀ, ತಮ್ಮ ಜಗತ್ತು ನೋಡಲೋ, ನಿನ್ನ ಮಾರಿ ನೋಡಲೋ? ನಿನ್ನ ಮಾರಿ ನೋಡಲೇನು?"

ಗಂಗಾ ಮೇಲೆ ನೋಡಿದಳು. ಎಷ್ಟು ಮೇಲೆ ಅಂದರೆ ಕಣ್ಣಿನ ಬಿಳಿಯಷ್ಟೇ ಕಾಣುತ್ತಿತ್ತು.

ಸೀಟನ್ನು ತಿರುಗಿಸಿದೆವು. ಅಕ್ಕತಮ್ಮ ಎದುರುಬದುರು ಆದರು. ಜಗತ್ತು ಎಲ್ಲಿ ಓಡಿ ಹೋಗ್ತೈತಿ, ನಾಳೆ ನೋಡ್ತಾನ ಬಿಡು ಎಂದು ನೀಲವ್ವಾಯಿ ಹುಡುಗಿಗೆ ಸಮಾಧಾನ ಹೇಳಿದಳು.

ಗಾಡಿ ಮನೆಗೆ ಬಂದ ಮೇಲೆ ನಾನು ದೊಡ್ಡ ಸೀಟನ್ನು ಬಿಚ್ಚಿ ಮತ್ತೆ ಹೊಲಿದೆ. ಕಂಪನಿಯ ಬಟ್ಟೆ ಬಿಸಿಲಿಗೆ ಕಾಯುವಂಥದು. ನೀಲವ್ವಾಯಿ ತನ್ನ ಒಂದು ಹಳೆಯ ಇಳಕಲ್ಲ ಸೀರೆ ಕೊಟ್ಟಳು. ಅದನ್ನು ಒಳಗೆ ಹಚ್ಚಿದೆ, ಉಳಿದದ್ದರಲ್ಲಿ ಗಂಗಾಳ ಕತ್ತಿಗೆ ಆಸರೆಯಾಗುವ ಒಂದು ದಿಂಬು ಮಾಡಿದೆ. ನಾನು ಮಾಡಿದ ಸೀಟುಗಳಲ್ಲಿ ಅದೇ ಎಲ್ಲಕ್ಕಿಂತ ಒಳ್ಳೆಯದು. ಹೊಲಿಯುತ್ತ ಆಕೆಯನ್ನು ಕೇಳಿದೆ, ಗಾಡಿ ಮಗುಚುತ್ತದೆ ಎಂದು ಗೊತ್ತಿದ್ದೇ ಕಲ್ಲು ತಂದೆಯಾ ಎಂದು. ಆಕೆಗೆ ನನ್ನ ಪ್ರಶ್ನೆಯೇ ತಿಳಿಯಲಿಲ್ಲ. ಖಾಲಿ ದೂಡಬಾರದಂತ ತಂದೆ, ಅದರಾಗ ಗೊತ್ತಿರೂದು ಏನೈತಿ ಅಂದಳು.

ಮೊದಲ ಸಲ ನಾವೆಲ್ಲ ಹೊರಟದ್ದು ದವಾಖಾನೆಗಲ್ಲ, ಉಣಕಲ್ಲ ಕೆರೆಗೆ. ಗೇಟಿನಲ್ಲಿ ಗಾಡಿ ಸರಾಗ ಹಾಯಿತು. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣದ ಇಳಿಜಾರು ಏರಿ ನಿಂತರೆ ಬಸ್ಸಿನ ನೆಲ ನಮ್ಮ ಕಾಲಿನ ಮಟ್ಟಕ್ಕೇ ಬಂದು ನಿಂತಿತು, ಎತ್ತುವ ಇಳಿಸುವ ಕೆಲಸವೇ ಇಲ್ಲ. ಬಾಗಿಲು ಮುಚ್ಚಿತು, ಬಸ್ಸು ಸದ್ದಿಲ್ಲದೆ ಜಾರಿತು. ಸಂಜೆಯ ಬಿಸಿಲು ಗಾಜಿನಿಂದ ಬಂದು ಒಮ್ಮೆ ಗಂಗಾಳ ಮೇಲೆ, ಒಮ್ಮೆ ಚನ್ನುವಿನ ಮೇಲೆ ಹಾಯುತ್ತಿತ್ತು. ನೀಲವ್ವಾಯಿಯ ಎಡಗೈ ಗಾಡಿಯ ಅಂಚಿನ ಮೇಲೆ. ಆಕೆ ತೂಗುತ್ತಿದ್ದಳೋ ಬಸ್ಸು ತೂಗುತ್ತಿತ್ತೋ ಹೇಳುವುದು ಕಷ್ಟ. ತುಟಿಯಲ್ಲೇ ಏನೋ ಪದ. ಚನ್ನು ಅಕ್ಕನ ಮುಖ ನೋಡುತ್ತ ನೋಡುತ್ತ ನಿದ್ದೆ ಹೋದ. ಎದುರಿಗಿದ್ದ ಅಪರಿಚಿತರೂ ತೂಕಡಿಸುತ್ತಿದ್ದರು. ಆ ಬಸ್ಸು ಎಲ್ಲಿಯೂ ನಿಲ್ಲದೆ ಹೀಗೇ ಹೋಗುತ್ತಿದ್ದರೆ ನಾನು ಇಳಿಯುತ್ತಿರಲಿಲ್ಲ.

ಕೆರೆಯ ದಂಡೆಯಲ್ಲಿ ಮಂದಿ ನೋಡಿದರು. ಒಬ್ಬ ಮನುಷ್ಯ ಹಿಂದೆಯೇ ಬಂದು, ಯಾವ ಕೂಸಿಗೆ ಏನಾಗೈತ್ರಿ ಎಂದು ಕೇಳಿಯೇ ಬಿಟ್ಟ. ನಾನು ಬಾಯಿ ತೆರೆಯುವ ಮೊದಲೇ ನೀಲವ್ವಾಯಿ ಹೇಳಿದಳು:

"ಎರಡೂ ಕೂಸಿಗೂ ಹಸಿವಿ ಆಗೈತ್ರೀ ಯಪ್ಪಾ. ಗಿರಮಿಟ್ ಕೊಡಸ್ತೀರೇನು?"

ಆ ಮನುಷ್ಯ ನಕ್ಕ. ಖರೇ ಹೇಳುತ್ತೇನೆ, ಕೊಡಿಸಿದ.

ಆಮೇಲೆ ಗಂಗಾಳ ಬೇವಿನ ಮರದ ದಿನಗಳು ಕಡಿಮೆಯಾದವು. ಶಿವಲೀಲಾ ಒಬ್ಬಳೇ ಇಬ್ಬರನ್ನೂ ದೂಡಿಕೊಂಡು ಸತ್ತೂರಿಗೆ ಹೋಗಿ ಬರತೊಡಗಿದಳು. ಅಲ್ಲಿ ಗಂಗಾಳನ್ನು ಇಳಿಸಿಕೊಳ್ಳಲು ದವಾಖಾನೆಯವರು ಕೈ ಕೊಡುತ್ತಿದ್ದರು. ಕಸ್ತೂರಿ ಅಕ್ಕನ ಮಗಳ ಮದುವೆಗೆ ಗಾಡಿಯೇ ಮುಂದಾಗಿ ಹೋಯಿತು. ಚನ್ನು ನಡೆಯಲು ಕಲಿತ. ಅದೇ ಹೊತ್ತಿಗೆ ನೀಲವ್ವಾಯಿಯ ಮೊಣಕಾಲು ಸೋತವು. ಮುಗದ ಊರಿಗೆ ಮದುವೆ ಮಾಡಿ ಕೊಟ್ಟ ಆಕೆಯ ಮಗಳು ಬಂದು ಕರೆದುಕೊಂಡು ಹೋದಳು. ಎದುರಿನ ಖೋಲಿಗೆ ಬೀಗ ಬಿತ್ತು.

ಕಡೆಯ ಸಲ ಮುಗದಕ್ಕೆ ಹೋದಾಗ ಆಕೆ ಪಡಸಾಲೆಯಲ್ಲಿ ಮಂಚದ ಮೇಲಿದ್ದಳು. ಮಾತು ಕಡಿಮೆಯಾಗಿತ್ತು. ಮಂಚದ ಅಂಚಿನಲ್ಲಿ ಎಡಗೈ ಮಾತ್ರ ಇನ್ನೂ ಹೋಗಿ ಬಂದು ಮಾಡುತ್ತಿತ್ತು. ಚನ್ನು ಗಾಡಿಯಿಂದ ಇಳಿದು ಅಂಗಳದಲ್ಲಿ ಆಕಳ ಕರುವಿನ ಹಿಂದೆ ಓಡುತ್ತಿದ್ದ. ನಾನು ಗಂಗಾಳನ್ನು ದೂಡಿಕೊಂಡು ಮಂಚದ ಹತ್ತಿರ ಹೋದೆ. ನೀಲವ್ವಾಯಿ ಅವಳನ್ನು ನೋಡಿದಳು, ಎದುರಿನ ಸಣ್ಣ ಸೀಟನ್ನೂ ನೋಡಿದಳು. ಕೈ ನಿಂತಿತು. ಮಗಳನ್ನು ಕರೆದು ಅಡಿಗೆಮನೆಯಿಂದ ಖಾರದ ಗುಂಡಕಲ್ಲು ತರಿಸಿದಳು. ಎತ್ತಲು ಶಕ್ತಿ ಇರಲಿಲ್ಲ, ಮಗಳೇ ಇಟ್ಟಳು, ಆಕೆ ಬರೀ ಮುಟ್ಟಿದಳು.

"ಹುಡುಗ ಇನ್ನ ಓಡ್ತಾನ. ಅಕಿ ಎದುರಿಗೆ ಖಾಲಿ ಕಾಣಬಾರದೋ ತಮ್ಮಾ."

ಆಕೆ ನನಗೆ ಹೇಳಿದ ಕಡೆಯ ಮಾತು ಅದು.

ಸುದ್ದಿ ಬಂದ ದಿನ ಅಂಗಡಿ ಮುಚ್ಚಿ ಎಲ್ಲರೂ ಹೊರಟೆವು. ಲಿಂಗ ಕಟ್ಟುವ ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂಡಿಸಿಯೇ ಕಳಿಸುತ್ತೇವೆ. ಕಟ್ಟೆಯ ಮೇಲೆ ವಿಭೂತಿ ಧರಿಸಿ, ಹೂವು ಏರಿಸಿಕೊಂಡು ನೀಲವ್ವಾಯಿ ಕೂತಿದ್ದಳು. ತಲೆ ಒಂದು ಕಡೆಗೆ ವಾಲುತ್ತಿತ್ತು, ಬಟ್ಟೆ ಸುತ್ತಿ ಕೊಟ್ಟರೂ ನಿಲ್ಲುತ್ತಿರಲಿಲ್ಲ. ನಾನು ಗಂಗಾಳ ಕಡೆ ನೋಡಿದೆ. ಕೇಳಿದೆ. ಅವಳು ಮೇಲೆ ನೋಡಿದಳು. ಅವಳ ಕತ್ತಿನ ದಿಂಬನ್ನು ತೆಗೆದು ಆಯಿಯ ಕತ್ತಿಗೆ ಕೊಟ್ಟೆ. ಆಕೆಯದೇ ಸೀರೆ, ನನ್ನದೇ ಹೊಲಿಗೆ. ತಲೆ ನೆಟ್ಟಗೆ ನಿಂತಿತು. ಎಡಗೈಯಲ್ಲಿ ಲಿಂಗ ಇಟ್ಟಿದ್ದರು. ಆ ಕೈ ಈಗ ಸುಮ್ಮನಿತ್ತು, ಖಾಲಿ ಇರಲಿಲ್ಲ.

ಹೊರಡುವಾಗ ಊರಿನ ಹಿರಿಯರೊಬ್ಬರು ನನ್ನನ್ನು ಬದಿಗೆ ಕರೆದು, ದಾರಿ ಛಲೋ ಇಲ್ಲ, ಹುಡುಗಿಯನ್ನು ಮನೆಯಲ್ಲೇ ಯಾರ ಹತ್ತಿರವಾದರೂ ಬಿಟ್ಟು ಬನ್ನಿ ಎಂದರು. ತಿಳಿದವರು, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಯಾರ ಹತ್ತಿರ ಬಿಡಲಿ? ಇಟ್ಟುಕೊಳ್ಳುವುದಿಲ್ಲ ಎಂದವಳು ಮುಂದೆ ಕೂತು ಹೊರಟಿದ್ದಳು. ಭಜನೆಯವರ ಹಿಂದೆ, ಹೊಲದ ದಾರಿಯಲ್ಲಿ, ನಾನು ಗಾಡಿ ದೂಡಿಕೊಂಡು ನಡೆದೆ. ಹೊಸ ದಿಂಬು ಹೊಲಿಯುವ ತನಕ ಇರಲಿ ಎಂದು ಶಿವಲೀಲಾ ಗಂಗಾಳ ಕತ್ತಿಗೆ ತನ್ನ ಕೈಯನ್ನೇ ಕೊಟ್ಟುಕೊಂಡು ಬಂದಳು. ಚನ್ನು ನನ್ನ ಅಂಗಿಯ ತುದಿ ಹಿಡಿದಿದ್ದ. ಗಂಗಾ ಎದುರಿನ ಸೀಟನ್ನು ನೋಡುತ್ತಿದ್ದಳು. ತಗ್ಗು ಬಂದಾಗಲೆಲ್ಲ ಕಲ್ಲು ಮೆಲ್ಲಗೆ ತೂಗುತ್ತಿತ್ತು.

ಈಗ ನನ್ನ ಹತ್ತಿರ ಇರುವುದು ಇಷ್ಟು: ಒಂದು ಅಂಗಡಿ, ಎರಡು ಹೊಲಿಗೆ ಮಶೀನು, ಚಾಳದಲ್ಲಿ ಒಂದು ಖೋಲಿ, ಒಬ್ಬಳು ಹೆಂಡತಿ, ಇಬ್ಬರು ಮಕ್ಕಳು, ಎರಡು ಸೀಟಿನ ಒಂದು ಗಾಡಿ, ಒಂದು ಸಣ್ಣ ಗುಂಡಕಲ್ಲು.